ಮುನಿಸಿನ ಪೆನ್ನು

"ಇವಳಿಗೆ ಅಂಗಡಿ ಇಂಕು ಆಗಿಬರಲ್ಲ ಮೇಡಮ್. ಹಾಕುದ್ರೆ ಮುನಿಸ್ಕೊಂಡ್ಬುಡ್ತಾಳೆ."

ಮೊದಲ ಭೇಟಿಯಲ್ಲೇ ಶಿವಸ್ವಾಮಿ ಹೀಗೆಂದಾಗ ಮೇಘನಾ ನಕ್ಕುಬಿಟ್ಟಿದ್ದಳು. ಗುಂಡ್ಲುಪೇಟೆಯ ಬಸ್ ನಿಲ್ದಾಣದ ಎದುರು, ಕೇರಳದ ಕಡೆಗೆ ಈರುಳ್ಳಿ ಹೊತ್ತ ಲಾರಿಗಳು ಹಾದಾಗಲೆಲ್ಲ ಸೀಸೆಗಳು ಗಲಗಲನೆ ನಡುಗುವ ಆ ಪುಟ್ಟ ಪೆನ್ನು ರಿಪೇರಿ ಅಂಗಡಿಯಲ್ಲಿ, ತೀರಿಹೋದ ತಂದೆ ಅವಳಿಗೆ ಬಿಟ್ಟುಹೋದ ಹಸಿರು ಪೆನ್ನು ಅವನ ಅಂಗೈಯಲ್ಲಿ ಮಲಗಿತ್ತು.

"ಇದು ಹೆಣ್ಣು ಅಂತ ಹೆಂಗೆ ಗೊತ್ತಾಯ್ತು?"

"ಕೊಟ್ಟಿದ್ದೆಲ್ಲ ಕುಡಿಯಲ್ಲ, ಅದ್ಕೇ. ಅಲ್ನೋಡಿ, ಪೋಸ್ಟ್ ಮಾಸ್ಟರದು. ಏನು ಹುಯ್ದ್ರೂ ಕುಡೀತಾನೆ, ಜೇಬಲ್ಲೆಲ್ಲ ಕಕ್ತಾನೆ. ಪಕ್ಕದೋನು ವಕೀಲ್ರ ಪೆನ್ನು. ದಪ್ಪ ಹಾಳೆ ಇಲ್ದೆ ಬಾಯೇ ಬುಡಲ್ಲ."

"ಇವಳಿಗೆ ಏನು ಬೇಕಂತೆ?"

ಅವನು ಪೆನ್ನನ್ನು ಕಿವಿಗೆ ಹಿಡಿದು ಆಲಿಸುವವನಂತೆ ನಟಿಸಿದ. ಕಣ್ಣುಗಳು ಮಾತ್ರ ಪೆನ್ನಿನ ಮೇಲಿರಲಿಲ್ಲ.

"ನೇರಳೆ ಬಣ್ಣ. ನಾನೇ ಕಲ್ಸಿ ಕೊಡ್ತೀನಿ."

ಬೇಗೂರಿನ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಮೇಘನಾ, ಅಂದಿನಿಂದ ಎರಡು ವಾರಕ್ಕೊಮ್ಮೆ ಶನಿವಾರದ ಬಸ್ಸು ಹಿಡಿದು ಬರತೊಡಗಿದಳು. ಎರಡೇ ವಾರದಲ್ಲಿ ಪೆನ್ನು ಕಟ್ಟಿಕೊಂಡಿರುತ್ತಿತ್ತು. ಅವನು ನಿಬ್ಬನ್ನು ಕಳಚಿ ತೊಳೆಯುವಷ್ಟು ಹೊತ್ತೂ ಅವಳು ಸ್ಟೂಲಿನ ಮೇಲೆ ಕುಳಿತು, ನೇರಳೆ ಹತ್ತಿದ ಅವನ ಬೆರಳುಗಳನ್ನು ನೋಡುತ್ತಿದ್ದಳು. ಅವನು ತಲೆಯೆತ್ತಿದೊಡನೆ ಆ ನೋಟ ಎಂದೋ ಹರಿದುಹೋದ ಹಳೆಯ ಕ್ಯಾಲೆಂಡರಿನತ್ತ ಜಾರುತ್ತಿತ್ತು.

ಪಕ್ಕದ ಹೂವಿನಂಗಡಿಯ ಗುರುಮಲ್ಲಯ್ಯ ಸುಮ್ಮನಿರುವವನಲ್ಲ. "ಏನ್ಲಾ ಶಿವಸ್ವಾಮಿ, ನಿನ್ ಪೇಶೆಂಟು ಇನ್ನೂ ವಾಸಿ ಆಗ್ನಿಲ್ವಾ?"

"ವಾಸಿ ಆಗೋ ಕಾಯ್ಲೆ ಅಲ್ಲ ಬುಡಣ್ಣ."

ಹೀಗೆ ವರ್ಷವೊಂದು ಕಳೆಯಿತು. ಮೂವತ್ತು ದಾಟಿದ ಇಬ್ಬರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ.

ಶ್ರಾವಣದ ಒಂದು ಶನಿವಾರ ಅವನಿಗೆ ಆಸೆ ಹೆಚ್ಚಿತು. ಪೆನ್ನು ತನ್ನ ಬಳಿಯೇ ಉಳಿದರೆ ಅದನ್ನು ವಿಚಾರಿಸಲೆಂದು ಅವಳು ವಾರವಾರವೂ ಬಂದಾಳೆಂದು ಲೆಕ್ಕ ಹಾಕಿದ.

"ಈ ಸಲ ಇಲ್ಲೇ ಇರ್ಲಿ ಮೇಡಮ್. ಒಂದ್ ತಿಂಗ್ಳು ನೆನೀಬೇಕು."

ಅವಳು ಬರಲಿಲ್ಲ. ನಾಲ್ಕು ಶನಿವಾರಗಳೂ ಖಾಲಿ ಸ್ಟೂಲನ್ನು ನೋಡುವುದರಲ್ಲೇ ಸಂದವು.

ಐದನೆಯ ಶನಿವಾರ ಬಂದವಳ ಬೆರಳಿನಲ್ಲಿ ಹೊಸ ಉಂಗುರವಿತ್ತು.

"ಚಾಮರಾಜನಗರದವರು," ಎಂದಳು, ಅವನು ಕೇಳುವ ಮೊದಲೇ. "ಬ್ಯಾಂಕಲ್ಲಿ ಕೆಲ್ಸ. ಹೋದ ಸೋಮವಾರ ತಾಂಬೂಲ ಬದಲಾಯಿಸಿಕೊಂಡ್ರು."

ಶಿವಸ್ವಾಮಿ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಒಂದ್ ಮಾತು ಯೋಳ್ಬೇಕು ಮೇಡಮ್. ಪೆನ್ನಿಗೆ ಯಾವ ಮುನಿಸೂ ಇರ್ಲಿಲ್ಲ. ನಾನೇ ಇಂಕಿಗೆ ಗೋಂದು ಬೆರೆಸ್ತಿದ್ದೆ. ಕಟ್ಕೊಳ್ಲಿ ಅಂತ. ನೀವು ಬರ್ಲಿ ಅಂತ."

ಅವಳು ಅವನನ್ನೇ ನೋಡಿದಳು. ಈ ಬಾರಿ ಕಣ್ಣು ಎಲ್ಲಿಗೂ ಜಾರಲಿಲ್ಲ.

"ನಾನು ಎರಡೆರಡು ದಿನ ಕ್ಯಾಪ್ ತೆಗೆದು ಕಿಟಕೀಲಿಟ್ಟು ಒಣಗಿಸ್ತಿದ್ದೆ."

ಇಬ್ಬರಿಗೂ ನಗು ಬಂತು. ಬಂದದ್ದು ನಡುವೆಯೇ ನಿಂತುಹೋಯಿತು.

"ಅಂಗಾದ್ರೆ ತಿಂಗ್ಳಿಂದ ಯಾಕೆ ಬರ್ನಿಲ್ಲ?"

"ಮನಸ್ಸಲ್ಲಿ ಯಾರಾದ್ರೂ ಇದ್ದಾರಾ ಅಂತ ಅಮ್ಮ ಕೇಳಿದ್ರು. ನಿಮ್ಮನ್ನ ಒಂದ್ಸಲ ನೋಡಿ ಹೇಳೋಣ ಅಂತಿದ್ದೆ. ಎರಡು ಸಲ ಬೇಗೂರಿನ ಬಸ್ ಸ್ಟಾಪಿನವರೆಗೂ ಬಂದು ವಾಪಸ್ ಹೋದೆ. ಕೈಲಿ ಪೆನ್ನಿಲ್ಲ. ತಿಂಗಳು ಅಂದವರು ನೀವು. ಮೊದಲೇ ಬಂದಿದ್ರೆ ಪೆನ್ನಿಗೆ ಬಂದೋಳಲ್ಲ ಅಂತ ಗೊತ್ತಾಗೋಗ್ತಿತ್ತಲ್ಲ."

"ಈಗ ಯೋಳುದ್ರೆ?"

"ಅಮ್ಮ ನಾಲ್ಕು ಜನರ ಮುಂದೆ ಮಾತು ಕೊಟ್ಟಿದಾರೆ. ಹೂಂ ಅಂದೋಳು ನಾನೇ. ಆ ಮನುಷ್ಯ ಕೆಟ್ಟವರೂ ಅಲ್ಲ."

ಅವನು ಪೆನ್ನನ್ನು ಕಳಚಿ ನೀರಿನ ಬಟ್ಟಲಿಗೆ ಹಾಕಿದ. ಮೇಘನಾ ಮುಂದಕ್ಕೆ ಬಾಗಿ, ತೀರ ಮೆಲ್ಲಗೆ ಕೇಳಿದಳು:

"ಚಾಮರಾಜನಗರ ಏನು ದೂರ ಅಲ್ಲ. ಒಂಚೂರು ಗೋಂದು ಹಾಕಿಯೇ ಕೊಡಿ."

ಅವನ ಕೈ ಗೋಂದಿನ ಸೀಸೆಯವರೆಗೆ ಹೋಯಿತು. ಇನ್ನೊಬ್ಬರ ಮನೆಯ ಹೆಣ್ಣಾಗಿ ಅವಳು ಇದೇ ಸ್ಟೂಲಿನ ಮೇಲೆ ಕುಳಿತು, ಪ್ರತಿ ಸಲವೂ ಸುಳ್ಳೊಂದನ್ನು ಹೊತ್ತು ಹಿಂತಿರುಗುವ ಚಿತ್ರ ಕಣ್ಣೆದುರು ನಿಂತಿತು. ಕೈಯನ್ನು ಹಿಂದಕ್ಕೆ ಸೆಳೆದುಕೊಂಡ. ಬಟ್ಟಲಿನ ನೀರು ತಿಳಿಯಾಗುವವರೆಗೆ ನಿಬ್ಬನ್ನು ಏಳೆಂಟು ಬಾರಿ ತೊಳೆದ. ಅದರಡಿಯಲ್ಲಿ ಇಂಕು ಹರಿಸುವ ನಾಲಿಗೆಯ ಸಣ್ಣ ಸೀಳಿನಲ್ಲಿ ಉಳಿದಿದ್ದ ಅಂಟನ್ನೂ ಸೂಜಿಯ ಮೊನೆಯಿಂದ ಕೆರೆದು ತೆಗೆದ. ಕಂಪನಿಯ ಸಾದಾ ಇಂಕು ತುಂಬಿ, ಒರೆಸಿ ಕೊಟ್ಟ.

ಅವಳು ಹಾಳೆಯ ಮೇಲೆ ಎರಡು ಗೆರೆ ಎಳೆದಳು. ಪೆನ್ನು ಎಲ್ಲಿಯೂ ತಡೆಯಲಿಲ್ಲ.

"ಇನ್ ಹತ್ ವರ್ಸ ಏನೂ ಆಗಲ್ಲ," ಎಂದ.

"ಅಷ್ಟು ಚೆನ್ನಾಗಿ ಮಾಡ್ಬಿಟ್ರಾ?"

ಅವನು ಗೋಂದಿನ ಸೀಸೆಯನ್ನು ಹಿಂದಕ್ಕೆ ಸರಿಸಿದ. ಅವಳು ರಸ್ತೆ ದಾಟಿದಳು. ಬೇಗೂರಿನ ಬಸ್ಸಿನಲ್ಲಿ ಅಂಗಡಿಯ ಕಡೆಯ ಕಿಟಕಿ ಸೀಟುಗಳೆಲ್ಲ ಖಾಲಿಯಿದ್ದವು. ಮೇಘನಾ ಆಚೆ ಬದಿಗೆ ಹೋಗಿ ಕುಳಿತಳು.