ಕರೀಮಾ ಎಂದು ಬರೆದಿದ್ದ ಟೇಪು

೨೦೦೪ರ ಮಾರ್ಚ್ ೬, ಶನಿವಾರ. ಬೆಳಿಗ್ಗೆ ಒಂಬತ್ತೂವರೆಗೆ ಕೈರೋದ ಹಳೇ ಪೇಟೆಯ ಠಾಣೆಗೆ ಬಿಳಿಗೂದಲಿನ ಹೆಂಗಸೊಬ್ಬರು ಬಂದು, ತಮ್ಮಲ್ಲಿಂದ ಏಳು ವಿಡಿಯೊ ಟೇಪುಗಳು ಕಳುವಾಗಿವೆ ಎಂದು ದೂರು ಕೊಟ್ಟರು. ಹೆಸರು ಶಹೀರಾ. ಒಂದು ಕಾಲಕ್ಕೆ ನೃತ್ಯ ಕಲಿಸುತ್ತಿದ್ದವರು. ಈಗ ತಮ್ಮ ಮನೆಯ ಮೇಲಿನ ಮಹಡಿಯಲ್ಲಿ ಹಳೆಯ ನರ್ತಕಿಯರ ಟೇಪುಗಳನ್ನು ಕೂಡಿಹಾಕಿ ಕಾಪಾಡುವುದೇ ಅವರ ಕೆಲಸ.

"ಅಂಗಡೀಲಿ ಸಿಗಲ್ವಾ ಮದಾಮ್? ಕುಣಿಯೋರ ಟೇಪಿಗೇನು ಬರ," ಎಂದ ಕಾನ್‌ಸ್ಟೇಬಲ್ ಶಲಬಿ.

"ಇದು ಸಿನಿಮಾದವರ ಕುಣಿತ ಅಲ್ಲಪ್ಪ. ಮದುವೆ ಮನೇಲಿ ಕುಣಿದವರದ್ದು. ಒಂದೊಂದೇ ಪ್ರತಿ ಇರೋದು. ಹೋದ್ರೆ ಹೋಯ್ತು."

ಇನ್ಸ್‌ಪೆಕ್ಟರ್ ಬಹ್ಗತ್ ಕಲ್ಲಂಗಡಿ ಬೀಜ ಜಗಿಯುತ್ತಾ ಕೇಳಿಸಿಕೊಳ್ಳುತ್ತಿದ್ದರು. ಸಿಗರೇಟು ಬಿಟ್ಟಾಗಿನಿಂದ ಅವರ ಬಾಯಿ ಖಾಲಿ ಇದ್ದದ್ದನ್ನು ಕಂಡವರಿಲ್ಲ. ಏಳು ಟೇಪಿಗೆ ಎಫ್‌ಐಆರ್ ಬರೆಯುವುದೇ ಎಂದು ಮೊದಲು ಅವರಿಗೂ ಬೇಸರವಾಗಿತ್ತು. ಆದರೆ ಆ ಹೆಂಗಸು ಅಳುತ್ತಿರಲಿಲ್ಲ, ರೇಗುತ್ತಿರಲಿಲ್ಲ. ಮಗು ಕಳೆದುಕೊಂಡವರ ಹಾಗೆ ಬಾಗಿಲ ಕಡೆಗೇ ನೋಡುತ್ತಾ ಕುಳಿತಿದ್ದರು. ಬಹ್ಗತ್ ಬೀಜದ ಪೊಟ್ಟಣ ಮಡಚಿ ಜೇಬಿಗಿಟ್ಟು, ಬರೆದುಕೊಳ್ಳುವಂತೆ ಶಲಬಿಗೆ ಹೇಳಿದರು.

ಹತ್ತೂವರೆಗೆ ಸ್ಥಳದ ಪಂಚನಾಮೆ ಶುರುವಾಯಿತು. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದ ತಂಪು ಕೋಣೆ. ಗೋಡೆಯುದ್ದಕ್ಕೂ ಟೇಪುಗಳನ್ನು ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿದ್ದರು. ಕೂತಲ್ಲೇ ಕೂತರೆ ಟೇಪು ಅಂಟಿಕೊಳ್ಳುತ್ತದೆ ಎಂದು ಆಗಾಗ ಒಂದೊಂದನ್ನೂ ಕೊನೆಯವರೆಗೆ ಓಡಿಸಿ ಮತ್ತೆ ಸುತ್ತಿಡುತ್ತಿದ್ದರಂತೆ. ಮದುವೆ ಚಿತ್ರ ತೆಗೆಯುವವರ ಬಾಗಿಲು ಬಾಗಿಲು ಅಲೆದು ತಂದದ್ದೇ ಹೆಚ್ಚು. ಆ ಪುಣ್ಯಾತ್ಮರು ಟೇಪು ಉಳಿಸಲೆಂದು ಒಬ್ಬರ ಮದುವೆಯ ಮೇಲೆ ಇನ್ನೊಬ್ಬರ ಮಗನ ಸುನ್ನತಿಯನ್ನು ತುಂಬಿಸಿಬಿಡುತ್ತಿದ್ದರು. ಶಹೀರಾ ಹೋಗುವುದು ಒಂದು ವಾರ ತಡವಾದರೆ ಒಬ್ಬ ನರ್ತಕಿ ಅಳಿಸಿಹೋಗುತ್ತಿದ್ದಳು.

"ಬೇರೆ ಪ್ರತಿ ಯಾಕೆ ಮಾಡಲಿಲ್ಲ?" ಎಂದರು ಬಹ್ಗತ್.

"ಪ್ರತಿ ತೆಗೆಯೋ ಯಂತ್ರ ರಿಪೇರಿಗೆ ಹೋಗಿ ಮೂರು ತಿಂಗಳಾಯ್ತು. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ."

ಬೀಗ ಒಡೆದಿರಲಿಲ್ಲ. ಕಿಟಕಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಕೆಳಗಿನ ಬಾಗಿಲು ಕಾಯುವ ಇದ್ರೀಸನನ್ನು ಎಳೆದುಕೊಂಡು ಹೋಗೋಣವೇ ಎಂದು ಶಲಬಿ ಕೇಳಿದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಾ? ಸುಮ್ನಿರೋ," ಎಂದು ಬಹ್ಗತ್ ಶಹೀರಾರ ಕಡೆ ತಿರುಗಿದರು. "ಏಳೂ ಯಾರ ಟೇಪುಗಳು?"

"ನೂಸಾದು. ದೊಡ್ಡ ಹೆಸರಿನವಳಲ್ಲ. ಆದ್ರೆ ಈ ಪೇಟೇಲಿ ಅವಳಿಲ್ಲದೆ ಮದುವೆ ಆಗ್ತಿರಲಿಲ್ಲ. ಕುಣಿಯೋದು ಬಿಟ್ಟು ಇಪ್ಪತ್ತು ವರ್ಷ ಆಗಿತ್ತು. ಹೆಚ್ಚಿನದನ್ನ ತಾನೇ ತಂದು ಕೊಟ್ಟಿದ್ಲು. ಮೊನ್ನೆ ಜನವರಿಯಲ್ಲಿ ತೀರಿಕೊಂಡ್ಲು."

"ಏಳರ ಮೇಲೂ ನೂಸಾ ಅಂತಲೇ ಬರೆದಿತ್ತಾ?"

"ಆರರ ಮೇಲೆ. ಒಂದರ ಮೇಲೆ ಕರೀಮಾ ಅಲಿ ಅಂತಿತ್ತು. ಅವಳ ಹುಟ್ಟು ಹೆಸರು."

"ಅದು ಯಾರ್ಯಾರಿಗೆ ಗೊತ್ತು?"

"ನನಗೆ. ಅವಳ ಮನೆಯವರಿಗೆ."

"ಈ ವಾರ ಯಾರ್ಯಾರು ಬಂದಿದ್ರು?"

"ಯಾರೂ ಇಲ್ಲ ಬಾಷಾ," ಎಂದರು ಶಹೀರಾ. ಆ ಊರಲ್ಲಿ ಪೊಲೀಸರನ್ನು ಸಾಹೇಬರೆಂದು ಕರೆಯುವುದು ಹಾಗೆ.

ಶಹೀರಾ ಚಹಾ ತಂದರು. ಜೊತೆಗೆ ತಟ್ಟೆಯಲ್ಲಿ ಎಳ್ಳು ಹಚ್ಚಿದ ಎರಡು ಸಿಹಿ ರೊಟ್ಟಿ. ಸತ್ತವರ ಹೆಸರಿನಲ್ಲಿ ಗುರುವಾರ ಹಂಚುವ ರೊಟ್ಟಿ ಅದು. ತಿಂದವರು ಸತ್ತವರಿಗಾಗಿ ಒಂದು ಪ್ರಾರ್ಥನೆ ಓದಬೇಕು. ಮುಂದೆ ಇಟ್ಟದ್ದನ್ನು ಬಹ್ಗತ್ ಎಂದೂ ಬೇಡವೆಂದವರಲ್ಲ. ಮುರಿದು ಬಾಯಿಗಿಡುವ ಮೊದಲು ಕೇಳಿದರು:

"ಯಾರ ಹೆಸರಲ್ಲಿ ಓದಲಿ?"

"ಕರೀಮಾ ಹೆಸರಲ್ಲಿ," ಎಂದ ಶಹೀರಾರ ಕೈ ಚಹಾದ ಲೋಟದ ಮೇಲೇ ನಿಂತುಬಿಟ್ಟಿತು.

ಬಹ್ಗತ್ ರೊಟ್ಟಿಯನ್ನು ತಟ್ಟೆಗೆ ಹಾಕಿದರು. "ಯಾರೂ ಬಂದಿಲ್ಲ ಅಂದ್ರಲ್ಲ. ಈ ರೊಟ್ಟಿ ಯಾರು ತಂದದ್ದು?"

"ಮಗಳು ಬಂದಿದ್ಲು, ರಿಹಾಬ್. ಗುರುವಾರ, ಬುಟ್ಟಿ ತುಂಬ ರೊಟ್ಟಿ ತಂದು ಎಲ್ಲರಿಗೂ ಹಂಚಿದ್ಲು. ಅಮ್ಮನ ಟೇಪುಗಳ ಹತ್ರ ಸ್ವಲ್ಪ ಹೊತ್ತು ಕೂತಿರ್ತೀನಿ ಅಂದ್ಲು. ಸಾವಿನ ಮನೆಯವರಿಗೆ ಕೊಡೋ ಸಕ್ಕರೆ ಹಾಕದ ಕಾಫಿ ಮಾಡೋಕೆ ನಾನು ಕೆಳಗೆ ಹೋದೆ. ಅಳೋರ ಮುಂದೆ ಕಾವಲು ನಿಲ್ಲೋಕಾಗುತ್ತಾ? ಸಾವಿನ ಮನೆಯವರನ್ನ ಬಂದುಹೋದವರ ಲೆಕ್ಕಕ್ಕೆ ಯಾರಾದ್ರೂ ಹಿಡೀತಾರಾ ಬಾಷಾ?"

ಯಾರೂ ಹಿಡಿಯುವುದಿಲ್ಲ. ಬಹ್ಗತ್ ಆಗಿದ್ದರೂ ಹಿಡಿಯುತ್ತಿರಲಿಲ್ಲ. ರೊಟ್ಟಿ ಖಾಲಿಯಾದ ಬುಟ್ಟಿಯನ್ನು ಮತ್ತೆ ತುಂಬಿಕೊಂಡು ಅವಳು ಮೆಟ್ಟಿಲಿಳಿದದ್ದನ್ನು ಬಾಗಿಲು ಕಾಯುವ ಇದ್ರೀಸನೂ ನೋಡಿದ್ದ. ಕಪ್ಪು ಬಟ್ಟೆಯ ಹೆಂಗಸಿಗೆ ದಾರಿ ಬಿಟ್ಟು, ತಲೆ ತಗ್ಗಿಸಿ ನಿಂತಿದ್ದನಂತೆ.

ರಿಹಾಬಳ ಮನೆಗೆ ಬೀಗ ಹಾಕಿತ್ತು. ತಾಯಿ ತೀರಿಕೊಂಡು ಇವತ್ತಿಗೆ ನಲವತ್ತನೆಯ ದಿನ, ಬೆಳಿಗ್ಗೆಯೇ ಗೋರಿಯ ಹತ್ತಿರ ಹೋದಳು ಎಂದು ಪಕ್ಕದ ಮನೆಯವರು ಹೇಳಿದರು. ಟೇಪು ಗುರುತಿಸಲು ಬೇಕಾಗುತ್ತದೆಂದು ಶಹೀರಾರನ್ನೂ ಜೀಪಿನಲ್ಲಿ ಕೂರಿಸಿಕೊಂಡಿದ್ದರು. ನಲವತ್ತು ಎಂದದ್ದೇ ಅವರು ಶಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡರು.

"ಏನಾಯ್ತು ಮದಾಮ್?"

"ಆರು ಹೋದ್ರೂ ಹೋಗ್ಲಿ. ಆ ಕರೀಮಾ ಟೇಪು ಉಳೀಬೇಕು ಬಾಷಾ. ಅದನ್ನ ನಾನೇ ತೆಗೆದದ್ದು, ಚಳಿಗಾಲದ ಮೊದಲಲ್ಲಿ, ಅವಳು ಹಾಸಿಗೆ ಹಿಡಿಯೋ ಮುಂಚೆ. ತಲೆಗೆ ಬಿಳಿ ಬಟ್ಟೆ ಹಾಕ್ಕೊಂಡು ಕುರ್ಚಿ ಮೇಲೆ ಕೂತು ಮಗಳ ಹತ್ರ ಮಾತಾಡಿದ್ಲು. 'ರಿಹಾಬ್, ನಾನು ಕುಣಿದದ್ದು ಬೇರೆಯವರ ಮಕ್ಕಳ ಸಂತೋಷಕ್ಕೆ. ದೇವರ ಹತ್ರ ನನ್ನ ಮಾತು ನಾನೇ ಆಡ್ಕೋತೀನಿ. ನೀನು ನಾಚ್ಕೋಬೇಡ' ಅಂದ್ಲು."

"ಮತ್ತೆ?"

"ರಿಹಾಬ್ ಮದುವೇಲಿ ಗಂಡಿನ ಕಡೆಯವರು ನೂಸಾನ ಕುಣಿಯೋಕೆ ಬಿಡಲಿಲ್ಲ. ಹೆತ್ತ ತಾಯಿ ಮೂಲೇಲಿ ಕೂತಿದ್ಲು. ಮಾತೆಲ್ಲ ಮುಗಿದ ಮೇಲೆ, ಅವತ್ತು ಉಳಿದದ್ದು ಇದು ಅಂತ ಕೂತಲ್ಲೇ ಬರೀ ಕೈಯಲ್ಲಿ ಆ ಕುಣಿತ ಕುಣಿದ್ಲು."

"ಇದನ್ನ ಮಗಳಿಗೆ ಹೇಳಲೇ ಇಲ್ವಾ?"

"ಅಳುವಾಗ ಕೊಡಬೇಡ, ನಲವತ್ತು ಕಳೀಲಿ ಅಂದಿದ್ಲು. ನಾಳೆ ನಾನೇ ತಗೊಂಡು ಹೋಗೋಳಿದ್ದೆ."

ಮುಂದೆ ಕತ್ತೆಗಾಡಿಯೊಂದು ಅಡ್ಡ ನಿಂತಿತ್ತು. ಎಂದೂ ಹಾರ್ನ್ ಹೊಡೆಯಬೇಡವೆನ್ನುವ ಬಹ್ಗತ್ ಅಂದು ತಾವೇ ಕೈ ಚಾಚಿ ಒತ್ತಿ ಹಿಡಿದರು.

ಗೋರಿಯಂಗಳದ ಕಬ್ಬಿಣದ ಬಾಗಿಲು ತೆರೆದೇ ಇತ್ತು. ಒಳಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಗೋರಿಯ ಮೇಲೆ ಹೊಸದಾಗಿ ನೀರು ಚಿಮುಕಿಸಿ ಖರ್ಜೂರದ ಗರಿ ಇಟ್ಟಿದ್ದರು. ಪಕ್ಕದಲ್ಲಿ ತುಪ್ಪದ ಹಳೆಯ ಡಬ್ಬ, ಅದರ ತಳದಲ್ಲಿ ಕರಗಿ ಗಟ್ಟಿಯಾದ ಕಪ್ಪು ಮುದ್ದೆ. ಶಲಬಿ ಬಗ್ಗಿ ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡ. ಇನ್ನೂ ಬಿಸಿಯಿತ್ತು.

ರಿಹಾಬ್ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ನಲವತ್ತು ದಾಟಿದ ಹೆಂಗಸು, ಪ್ರಾಥಮಿಕ ಶಾಲೆಯ ಟೀಚರು. ಪೊಲೀಸರನ್ನು ಕಂಡು ಏಳಲೂ ಇಲ್ಲ, ಬೆಚ್ಚಲೂ ಇಲ್ಲ.

"ಟೇಪು ನೀನೇ ತಗೊಂಡದ್ದಾ ಮಗಳೇ?"

"ಹೌದು ಬಾಷಾ."

"ಎಲ್ಲಾ ಸುಟ್ಟೆಯಾ?"

"ಎಲ್ಲಾ. ಕರೀಮಾ ಅಂತ ಬರೆದಿದ್ದನ್ನ ಮೊದಲು ಸುಟ್ಟೆ. ನೂಸಾ ಅನ್ನೋ ಹೆಸರು ಬರೋ ಮುಂಚಿನದು ಅದು, ಅಲ್ಲಿಂದಲೇ ಎಲ್ಲಾ ಶುರುವಾಗಿರಬೇಕು ಅನ್ನಿಸ್ತು."

ಶಹೀರಾ ಗೋಡೆಯ ಕಡೆಗೆ ಮುಖ ತಿರುಗಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತು ಕೈಗೆ ಬಂದದ್ದೇ ಆ ಮಗಳಿಗೆ ತಿಳಿಯಲಿಲ್ಲ.

"ಯಾಕಮ್ಮಾ ಹೀಗೆ ಮಾಡಿದೆ?"

"ದುಃಖ ಕೇಳೋಕೆ ಬಂದ ಹೆಂಗಸರು ಹೇಳಿದ್ರು. ಸತ್ತ ಮೇಲೂ ಪುಣ್ಯ ಹರೀತಾ ಇರುತ್ತಂತೆ, ಪಾಪವೂ ಹಾಗೇ ಅಂತೆ. ಅಮ್ಮನ ಕುಣಿತ ಒಬ್ಬರು ನೋಡಿದ್ರೂ ಅಲ್ಲಿ ಅವಳ ಲೆಕ್ಕಕ್ಕೆ ಸೇರುತ್ತಂತೆ." ರಿಹಾಬ್ ಗೋರಿಯ ಕಲ್ಲನ್ನು ಸವರಿದಳು. "ರಾತ್ರಿ ಮಲಗಿದ್ರೆ ಅದೇ ಯೋಚನೆ. ಅಲ್ಲಿ ಯಾರೋ ಟೇಪು ಹಾಕ್ತಾರೆ, ಇಲ್ಲಿ ಅಮ್ಮ ಎದ್ದು ಕುಣೀತಾಳೆ. ಅವಳಿಗೆ ಮಂಡಿ ನೋವಿತ್ತು ಬಾಷಾ. ಸಾಕು, ಇನ್ನು ಮಲಗಲಿ ಅನ್ನಿಸ್ತು."

ಶಲಬಿ ಬೆಳಗಿನಿಂದ ಆಡುತ್ತಿದ್ದ ಕುಚೋದ್ಯವೆಲ್ಲ ಮರೆತು ಟೋಪಿ ತೆಗೆದು ನಿಂತಿದ್ದ. ಮಧ್ಯಾಹ್ನ ಎರಡಕ್ಕೆ ರಿಹಾಬಳನ್ನು ದಸ್ತಗಿರಿ ಮಾಡಲಾಯಿತು. ಕೈಕೋಳ ಹಾಕಲಿಲ್ಲ. ಜೀಪು ಹತ್ತುವ ಮೊದಲು ಅವಳು ನಿಂತು ಕೇಳಿದಳು:

"ಬಾಷಾ, ಆ ಕರೀಮಾ ಟೇಪಿನಲ್ಲಿ ಏನಿತ್ತು? ನಮ್ಮ ಮನೇಲಿ ನೋಡೋ ಯಂತ್ರ ಇಲ್ಲ. ಸುಡುವಾಗ ನೋಡಿದ್ರೆ, ಮೇಲೆ ಬರೆದ ಅಕ್ಷರ ಹೊಸದರ ಹಾಗಿತ್ತು. ಆಗಿನಿಂದ ಮನಸ್ಸು ಅಲ್ಲೇ ಇದೆ."

ಶಹೀರಾ ತುಟಿ ತೆರೆದರು. ಬಹ್ಗತ್ ಅವರ ಕಡೆ ಒಮ್ಮೆ ನೋಡಿದರು. ತಾಯಿಯ ಮಾತು ಕೇಳಿದರೆ ಈ ಹೆಣ್ಣಿನ ನಾಚಿಕೆ ಕಳೆಯುತ್ತಿತ್ತು, ನಿಜ. ಆದರೆ ಅದನ್ನು ತನ್ನ ಕೈಯಾರೆ ಸುಟ್ಟೆನೆಂದು ತಿಳಿದ ಮೇಲೆ ಉಳಿದ ಆಯುಷ್ಯವನ್ನು ಅವಳು ಹೇಗೆ ಕಳೆಯಬೇಕು?

"ಕುಣಿತವಮ್ಮಾ. ಕುಣಿತವೇ ಇತ್ತು," ಎಂದರು ಬಹ್ಗತ್.

ರಿಹಾಬ್ ತಲೆಯಾಡಿಸಿ, ನಿರಾಳವಾದವಳಂತೆ ಜೀಪು ಹತ್ತಿದಳು.

"ಮುಂದೆ ಯಾವತ್ತಾದ್ರೂ ಹೇಳಬಹುದಾ?" ಎಂದು ಶಹೀರಾ ತಗ್ಗಿದ ದನಿಯಲ್ಲಿ ಕೇಳಿದರು. "ಆ ಮಾತುಗಳು ಈಗ ನನ್ನೊಬ್ಬಳ ತಲೇಲಿ ಮಾತ್ರ ಇವೆ. ನನಗೆ ಎಪ್ಪತ್ತೊಂದು."

"ಹೇಳಿ. ಇವತ್ತು ಬೇಡ."

ಸಂಜೆ ಠಾಣೆಯಲ್ಲಿ ಪಂಚನಾಮೆ ಪೂರ್ತಿಯಾಯಿತು. ನಾಶವಾದ ಮಾಲು: ವಿಡಿಯೊ ಟೇಪು, ಏಳು. ಅವುಗಳಲ್ಲಿದ್ದದ್ದು: ನೃತ್ಯ. ಏಳಕ್ಕೂ ಅದನ್ನೇ ಬರೆಯುವಂತೆ ಬಹ್ಗತ್ ಹೇಳಿದರು, ಶಲಬಿ ಎದುರಾಡದೆ ಬರೆದ. ಶಹೀರಾ ಎರಡು ಸಲ ಓದಿ ಸಹಿ ಹಾಕಿದರು. ಅವರು ಹೋದ ಮೇಲೆ, ಬೆಳಿಗ್ಗೆ ತಿನ್ನದೆ ಬಿಟ್ಟ ರೊಟ್ಟಿಗೆ ಪ್ರಾರ್ಥನೆ ಓದುವುದು ಬಾಕಿಯಿದೆ ಎಂದು ಬಹ್ಗತ್‌ಗೆ ನೆನಪಾಯಿತು. ಜೇಬಿನ ಬೀಜದ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಕರೀಮಾ ಅಲಿಯ ಹೆಸರಿನಲ್ಲಿ ಓದಿ ಮುಗಿಸಿದರು.