ಮನಸ್ಸಿಗೆ ಬಂದದ್ದು ಬಂದಂಗ ಹೇಳ್ರಿ

"ಮುಂದಿನವರು ಬರ್ರಿ," ಎಂದು ಮಂಜುಳಾ ಫಾರಂಗಳಿಂದ ತಲೆ ಎತ್ತಿದಳು. ಎತ್ತಿದ್ದೇ ತಪ್ಪಾಯಿತು!

ಎದುರಿಗೆ ವಿರೂಪಾಕ್ಷ ನಿಂತಿದ್ದ.

ಹೂಲಿಗೆ ಹೋಗು ಎಂದು ಕಂಪನಿಯವರು ಹೇಳಿದಾಗಲೇ ಅವಳ ಎದೆ ಢವಗುಟ್ಟಿತ್ತು. ಪಕ್ಕದ ಊರಿನ ಇವಳು, ಹೂಲಿಯ ಅವನು, ಮೂರು ವರ್ಷ ಒಂದೇ ಬಸ್ಸಿನಲ್ಲಿ ಸವದತ್ತಿ ಕಾಲೇಜಿಗೆ ಹೋದವರು. ಕಿಟಕಿ ಸೀಟು ಅವಳಿಗೆ, ಅವಳ ಡಬ್ಬಿಯ ಶೇಂಗಾ ಹೋಳಿಗೆ ಅವನಿಗೆ. ಎಂಥಾ ದಿನಗಳವು...

ಧಾರವಾಡದಲ್ಲಿ ಕೆಲಸ ಸಿಕ್ಕಾಗ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಳು, "ಹೋಗಲೇನೋ?"

"ಹೋಗು, ಚಲೋ ಆಗತೈತಿ," ಎಂದು ನಕ್ಕಿದ್ದ. ಅಷ್ಟೇ! ಆಮೇಲೆ ಒಂದು ಫೋನೂ ಇಲ್ಲ. ಇವನಿಗೆ ನನ್ನ ಮೇಲೆ ಏನೂ ಇರಲಿಲ್ಲ ಎಂದು ಅವಳು ಮನಸ್ಸು ಕಲ್ಲು ಮಾಡಿಕೊಂಡು ಆರು ವರ್ಷವಾಗಿತ್ತು. ತನ್ನನ್ನು ನೋಡಿಹೋದ ಬೈಲಹೊಂಗಲದ ಗಂಡಿಗೆ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳು ಎಂದು ಅವ್ವ ಬೆಳಿಗ್ಗೆಯೇ ಫೋನ್ ಹಚ್ಚಿದ್ದಳು.

ಕೈಯಿಂದ ತಳ್ಳಿ ಬೀಜ ಬಿತ್ತುವ ಹೊಸ ಯಂತ್ರ ರೈತರ ಕೈಗೆ ಒಗ್ಗುತ್ತದೋ ಇಲ್ಲವೋ ತಿಳಿಯುವುದು ಮಂಜುಳಾಳ ಕೆಲಸ. ಹನ್ನೆರಡು ಮಂದಿ ಫಾರಂ ತುಂಬಿದ್ದರು. ಹನ್ನೆರಡರಲ್ಲೂ 'ಬಹಳ ಚಲೋ'ಗೇ ಟಿಕ್ಕು! ಆದರೆ ಹೊಲದ ಯಜಮಾನಿ ರಾಚವ್ವ ಮಾತ್ರ ಯಂತ್ರ ತಳ್ಳಿ ಬಿಟ್ಟಾಗಿನಿಂದ ನಡು ಹಿಡಿದುಕೊಂಡೇ ಕೂತಿದ್ದಳು.

"ಆಯಿ, ಮತ್ತ ಚಲೋ ಅಂತ ಯಾಕ ಟಿಕ್ ಹಾಕಿದ್ರಿ?"

"ಮನಿಗೆ ಬಂದ ಮಗಳು ನೀ. ನೀ ತಂದದ್ದರಾಗ ತಪ್ಪ ಹುಡಕಾಕ ಬರತೈತೇನ ತಂಗಿ?"

ಮಂಜುಳಾ ಫಾರಂ ಬದಿಗಿಟ್ಟಳು. ಇವರ ಮರ್ಯಾದೆಯ ಮುಂದೆ ಕಾಗದದ ಆಟ ನಡೆಯುವುದಿಲ್ಲ. ಕೆಲಸ ಮಾಡುವ ಕೈ ನೋಡಬೇಕು, ಮಾಡುತ್ತಿರುವಾಗಲೇ ಮಾತಾಡಿಸಬೇಕು. ಮೊಬೈಲಿನಲ್ಲಿ ವಿಡಿಯೋ ಚಾಲೂ ಮಾಡಿ, ವಿರೂಪಾಕ್ಷನಿಗೆ ಬೇಕಂತಲೇ ಬಹುವಚನ ಹಚ್ಚಿದಳು.

"ಯಂತ್ರ ನೂಕ್ಕೋತ, ಮನಸ್ಸಿಗೆ ಬಂದದ್ದು ಬಂದಂಗ ಹೇಳ್ರಿ. ಸುಮ್ಮನಾಗಬಾರದು."

"ಹಿಡಿಕಿ ಗಿಡ್ಡ ಐತಿ, ನಡಾ ಬಗ್ಗಸಬೇಕಾಗತೈತಿ. ಕಡ್ಲಿ ಕಾಳು ಒಳಗ ಸಿಗಿಬೀಳಾಕ ಹತ್ಯಾವ..." ಎನ್ನುತ್ತಾ ಅವನು ಸಾಲಿನ ತುದಿಗೆ ಹೋಗಿ ನಿಂತುಬಿಟ್ಟ. ಅವಳೂ ಹಿಂದೆಯೇ ಹೋದಳು.

"ಸುಮ್ಮನಾಗಬಾರದು ಅಂದೇನ್ರಿ."

"ಹೇಳಲೇನ? ಆವತ್ತ 'ಹೋಗಬ್ಯಾಡ' ಅನ್ನಾಕ ಬಂದಿದ್ದೆ ಮಂಜುಳಾ. ನಿನ್ನ ಮಾರಿ ಮ್ಯಾಲಿನ ಖುಷಿ ನೋಡಿ ಬಾಯಿ ಬರಲಿಲ್ಲ. ಹೊಂಟಾಕಿಗೆ ಅಡ್ಡ ಬರಬಾರದು ಅಂತ ನಕ್ಕೆ..."

ಅವಳು ಥಟ್ಟನೆ ವಿಡಿಯೋ ನಿಲ್ಲಿಸಿದಳು. ರಾಚವ್ವನ 'ಚಲೋ' ನಂಬದವಳು ಇವನ 'ಚಲೋ'ವನ್ನು ಆರು ವರ್ಷ ನಂಬಿದ್ದಳಲ್ಲ!

"ಒಂದ್ ಫೋನರ ಮಾಡಬೇಕಿಲ್ಲ?"

"ಬಸ್ ಹತ್ತಿದಾಕಿ ತಿರುಗಿ ಸೈತ ನೋಡಲಿಲ್ಲ. ಧೈರ್ಯ ಆಗಲಿಲ್ಲ."

"ನೋಡಿದ್ರ ಇಳದಬಿಡ್ತಿದ್ದೆನಲ್ಲೋ, ಹುಚ್ಚಾ!" ಅವಳ ಕಣ್ಣು ತುಂಬಿ ಬಂತು.

ಅವ್ವನಿಗೆ ಫೋನ್ ಹಚ್ಚಿ ಅವನ ಕೈಗೇ ಕೊಟ್ಟಳು. "ಬೈಲಹೊಂಗಲದವರಿಗೆ ಏನ ಹೇಳೂದು ಅಂತ ಕೇಳಾಕ ಹತ್ಯಾಳ. ಈಗರ ಬಾಯಿ ಬಿಡು."

ಅವನು ಫೋನ್ ಕಿವಿಗೆ ಹಿಡಿದ. "ಅತ್ತಿಯವರ... ನಾ ಹೂಲಿ ವಿರೂಪಾಕ್ಷ ಮಾತಾಡಾಕ ಹತ್ತೇನ್ರಿ. ಅವರಿಗೆ ಬ್ಯಾಡ ಅಂದಬಿಡ್ರಿ. ನಿಮ್ಮ ಮಗಳನ್ನ ಕೇಳಾಕ ನಮ್ಮ ಅಪ್ಪಾರನ್ನ ಕರಕೊಂಡು ನಾಳಿ ಬರತೇನ್ರಿ."

ಮಂಜುಳಾ ಅವನ ತೋಳು ಚಿವುಟಿದಳು. "ನಾಳಿ ಯಾಕೋ? ಆರು ವರ್ಷ ಸಾಲಲಿಲ್ಲೇನ?"

"ಅಲ್ರೀ ಅತ್ತಿಯವರ... ಇವತ್ತ ಬರತೇನ್ರಿ!"