ಕೀರ್ತನನಿಗೆ ಬಡಿಸಿದ ಎಲೆ

೨೦೨೪ರ ನವೆಂಬರ್ ಹದಿಮೂರು, ಬುಧವಾರ, ಬೆಳಿಗ್ಗೆ ಒಂಬತ್ತು ನಲವತ್ತು. ಅರಂತೋಡಿನ ಕೂಸಪ್ಪ ಮತ್ತು ಅವರ ಹೆಂಡತಿ ಭಾಗೀರಥಿ ಸುಳ್ಯದ ಠಾಣೆಯ ಮೆಟ್ಟಿಲು ಹತ್ತಿದಾಗ ಇನ್‌ಸ್ಪೆಕ್ಟರ್ ತೀರ್ಥರಾಮ ಆಗಷ್ಟೇ ಬಂದು ಕೂತಿದ್ದರು. ದೂರು ಎರಡೇ ಸಾಲಿನದು. ಮನೆಯ ಕಪಾಟಿನಿಂದ ಗಂಡ ಹೆಂಡತಿ ಇಬ್ಬರ ಪಾಸ್‌ಪೋರ್ಟೂ ಕಳುವಾಗಿದೆ. ಶನಿವಾರ ಬೆಳಿಗ್ಗೆ ವಿಮಾನ.

"ಎಲ್ಲಿಗೆ ಹೋಗುದು?"

"ಸೈಪ್ರಸ್‌ಗೆ. ಮಗುವಿಗೆ," ಎಂದರು ಭಾಗೀರಥಿ.

ತೀರ್ಥರಾಮರು ಪೆನ್ನು ಕೆಳಗಿಟ್ಟರು. ಆ ಹೆಂಗಸಿಗೆ ಐವತ್ತೊಂದು. ಒಬ್ಬನೇ ಮಗ ಕೀರ್ತನ್ ಎರಡು ವರ್ಷದ ಹಿಂದೆ ಬೈಕ್ ಅಪಘಾತದಲ್ಲಿ ಹೋಗಿದ್ದ. ಅದರ ಪಂಚನಾಮೆ ಬರೆದವರೂ ಇವರೇ. ಐವತ್ತು ದಾಟಿದ ಹೆಂಗಸರಿಗೆ ನಮ್ಮಲ್ಲಿ ಕಾನೂನು ಪ್ರನಾಳ ಶಿಶುವಿನ ಚಿಕಿತ್ಸೆಗೆ ಬಿಡುವುದಿಲ್ಲ. ಅಲ್ಲಿಯ ಆಸ್ಪತ್ರೆ ಕೊಟ್ಟದ್ದೂ ಒಂದೇ ದಿನಾಂಕ, ಇದೇ ತಿಂಗಳ ಹತ್ತೊಂಬತ್ತು. ಡಿಸೆಂಬರಿನಲ್ಲಿ ಐವತ್ತೆರಡು ತುಂಬಿದರೆ ಅವರೂ ಆಗುವುದಿಲ್ಲ ಎನ್ನುತ್ತಾರೆ. ವೀಸಾ ಇದ್ದದ್ದು ಕಳುವಾದ ಪಾಸ್‌ಪೋರ್ಟಿನಲ್ಲೇ.

ಈ ಪ್ರಾಯದಲ್ಲಿ ಇದೆಲ್ಲ ಬೇಕಿತ್ತಾ ಎಂದು ಊರು ಆಡಿಕೊಳ್ಳುತ್ತಿತ್ತು. ಊರಿಗೇನು, ಆಡಿಕೊಳ್ಳಲು ತೆರಿಗೆ ಕಟ್ಟಬೇಕೇ? ಮಗನನ್ನು ಕಳಕೊಂಡವಳ ಸಂಕಟ ಅವಳಿಗೇ ಗೊತ್ತು. ತೀರ್ಥರಾಮರು ಮರುಮಾತಿಲ್ಲದೆ ಎಫ್‌ಐಆರ್ ಹಾಕಿಸಿದರು. ವಾಸದ ಮನೆಯಲ್ಲಿ ಕಳವು, ಆರೋಪಿ ಅಪರಿಚಿತ.

ಹನ್ನೊಂದೂವರೆಗೆ ಕಾನ್‌ಸ್ಟೇಬಲ್ ಕಬೀರ್ ಜೊತೆ ಸ್ಥಳ ಪಂಚನಾಮೆ. ಒಳಗಿನ ಕೋಣೆ, ಮುಂದೊಂದು ಬಾಗಿಲು, ಬಚ್ಚಲ ಕಡೆಗೆ ಇನ್ನೊಂದು. ಕಪಾಟಿನ ಬೀಗ ಒಡೆದಿರಲಿಲ್ಲ. ಬೀಗದ ಕೈ ಯಾವಾಗಲೂ ಪಕ್ಕದ ಮೊಳೆಯಲ್ಲೇ ಇರುತ್ತಿತ್ತು. ಹಿಂದಿನ ಸಂಜೆ ಆರಕ್ಕೆ ಪಾಸ್‌ಪೋರ್ಟ್ ನೋಡಿದ್ದರು, ಬೆಳಿಗ್ಗೆ ಇಲ್ಲ. ನಡುವೆ ನಡೆದದ್ದು ಒಂದೇ, ಏಳು ಗಂಟೆಗೆ ಅದೇ ಕೋಣೆಯಲ್ಲಿ ಕೀರ್ತನನಿಗೆ ಬಡಿಸಿದ್ದು. ಒಳ್ಳೆಯ ಕೆಲಸಕ್ಕೆ ಹೊರಡುವ ಮೊದಲು ಮನೆಯಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ, ಅವರ ಇಷ್ಟದ ಅಡುಗೆ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಅಂಗಳಕ್ಕೆ ಬಂದುಬಿಡುವುದು ಇಲ್ಲಿಯ ಕ್ರಮ. ಆ ಹೊತ್ತಿನಲ್ಲಿ ಯಾರೂ ಒಳಗೆ ಹೆಜ್ಜೆ ಇಡುವುದಿಲ್ಲ.

ತೀರ್ಥರಾಮರೂ ವರ್ಷಕ್ಕೊಮ್ಮೆ ತಂದೆಗೆ ಹಾಗೆಯೇ ಬಡಿಸುವವರು. ಹಾಗಾಗಿ ಅವರು ಕೇಳಲೂ ಇಲ್ಲ. 'ಸದರಿ ಅವಧಿಯಲ್ಲಿ ಕೋಣೆಯನ್ನು ಯಾರೂ ಪ್ರವೇಶಿಸಿರುವುದಿಲ್ಲ' ಎಂದು ತಾವಾಗಿಯೇ ಬರೆಸಿಬಿಟ್ಟರು.

"ಮಗ ಬಂದಿದ್ದ ಸಾರ್," ಎಂದರು ಭಾಗೀರಥಿ. "ಎಲೆಯಲ್ಲಿದ್ದ ಮೊಟ್ಟೆ ತಿಂದಿದ್ದ. ಹೋಗಿ ಬಾ ಅಂತ ನನಗೆ ಒಪ್ಪಿಗೆ ಕೊಟ್ಟ."

ಮೊಬೈಲಿನಲ್ಲಿ ತೆಗೆದ ಎಲೆಯ ಫೋಟೋವನ್ನು ಅವರು ನೆಂಟರಿಗೆಲ್ಲ ಕಳಿಸಿದ್ದರು, ಇನ್‌ಸ್ಪೆಕ್ಟರಿಗೂ ಕಳಿಸಿದರು.

ಅಂಗಳದಲ್ಲಿ ಇದ್ದವರು ಗಂಡ, ಹೆಂಡತಿ, ಕೂಸಪ್ಪರ ಅಣ್ಣನ ಮಗ ಸಂಪ್ರೀತ್. ಅಪ್ಪ ಅಮ್ಮನನ್ನು ಬೀಳ್ಕೊಡಲು ಬಂದಿದ್ದ ಮಗಳು ಯಶ್ಮಿತಾ ಪುತ್ತೂರಿನಲ್ಲಿ ನರ್ಸ್; ಬೆಳಿಗ್ಗೆಯೇ ಡ್ಯೂಟಿಗೆ ಹೋಗಿಯಾಗಿತ್ತು. ಚಿಕ್ಕಮ್ಮನಿಗೆ ಮರುಳು ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ ಸಂಪ್ರೀತನ ಮೇಲೆ ಸಂಶಯ ಬಿತ್ತು. ಗುರುವಾರವಿಡೀ ಅವನನ್ನು ಕೂರಿಸಿ ವಿಚಾರಿಸಿದರು, ಮನೆ ಜಾಲಾಡಿದರು. ಕೊಳಕು ಬಾಯಿ ಎಂಬುದು ಬಿಟ್ಟರೆ ಅವನಲ್ಲಿ ಬೇರೇನೂ ಸಿಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕಬೀರ್ ಮೇಜಿನ ಮುಂದೆ ಬಂದು ನಿಂತ.

"ಸಾರ್, ತಪ್ಪು ತಿಳ್ಕೊಳ್ಬೇಡಿ. ನಿಮ್ಮ ಕ್ರಮ ನನಗೆ ಗೊತ್ತಿಲ್ಲ. ಆ ಮೊಟ್ಟೆ ತಿಂದದ್ದು ಯಾರು ಅಂತ ನಾವು ಕೇಳಲೇ ಇಲ್ಲ."

ತೀರ್ಥರಾಮರಿಗೆ ಸಿಟ್ಟು ನೆತ್ತಿಗೇರಿತು. ಆದರೂ ಮೊಬೈಲ್ ತೆಗೆದರು. ಫೋಟೋ ದೊಡ್ಡದು ಮಾಡಿ ನೋಡಿದರು. ಮೊಟ್ಟೆಯ ಬಿಳಿಭಾಗ ಎರಡು ಹೋಳಾಗಿ ಎಲೆಯಲ್ಲೇ ಇತ್ತು. ಹಳದಿ ಮಾತ್ರ ಇರಲಿಲ್ಲ. ಕೂಸಪ್ಪರಿಗೆ ಫೋನ್ ಹೋಯಿತು.

"ಕೀರ್ತನ್ ಮೊಟ್ಟೆ ಹೇಗೆ ತಿನ್ತಿದ್ದ?"

"ಬಿಳಿ ಮಾತ್ರ ಸಾರ್. ಹಳದಿ ಅವನಿಗೆ ಆಗ್ತಿರ್ಲಿಲ್ಲ. ಅದು ಯಾವಾಗ್ಲೂ ತಂಗಿಗೆ."

ತೀರ್ಥರಾಮರು ಕೂಡಲೇ ಕೇಳಿದರು.

"ಬಡಿಸಿದಾಗ ಯಶ್ಮಿತಾ ಎಲ್ಲಿದ್ಳು?"

"ಅವಳು ಮುಟ್ಟಾಗಿದ್ಳು. ಹಿಂದೆ ಬಚ್ಚಲ ಹತ್ತಿರ ಕೂತಿದ್ಳು."

ಮುಟ್ಟಾದವಳು ಬಡಿಸುವಲ್ಲಿಗೆ ಬರುವುದಿಲ್ಲವೆಂದು ಮನೆಯವರು ಅವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ತಾನೂ ಹಿಡಿಯಲಿಲ್ಲವಲ್ಲ ಎಂದು ತೀರ್ಥರಾಮರಿಗೆ ನಾಚಿಕೆಯಾಯಿತು.

ಹನ್ನೆರಡೂಕಾಲಕ್ಕೆ ಮಹಿಳಾ ಕಾನ್‌ಸ್ಟೇಬಲ್ ಒಬ್ಬರನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಪುತ್ತೂರಿನ ದರ್ಬೆಯಲ್ಲಿ ಯಶ್ಮಿತಾಳ ಬಾಡಿಗೆ ಕೋಣೆಯ ಬಾಗಿಲು ತಟ್ಟಿದರು. ಇಪ್ಪತ್ತನಾಲ್ಕರ ಹುಡುಗಿ, ಇವರ ಮುಖ ನೋಡಿದ್ದೇ ಮಡಚಿಟ್ಟ ಯೂನಿಫಾರ್ಮಿನ ಅಡಿಯಿಂದ ಎರಡೂ ಪಾಸ್‌ಪೋರ್ಟ್ ತೆಗೆದು ಕೊಟ್ಟಳು. ಜಪ್ತಿ ಪಂಚನಾಮೆಗೆ ಪಂಚರ ಸಹಿಯಾಯಿತು.

ಅಮ್ಮನಿಗೆ ಬಿಪಿ ಇದೆ, ಶುಗರ್ ಇದೆ, ಈ ಪ್ರಾಯದಲ್ಲಿ ಬಸುರಾದರೆ ಜೀವಕ್ಕೇ ಅಪಾಯ ಎಂದು ಅವಳು ಹೇಳದ ದಿನವಿರಲಿಲ್ಲವಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಎಲೆಗೆ ಕೈ ಹಾಕಿದ್ದು ಯಾಕೆ?"

"ತಿನ್ಬೇಕು ಅಂತ ಹೋದದ್ದಲ್ಲ ಸಾರ್. ಹಳದಿ ನಂದೇ ಅಲ್ವಾ, ಕೈ ಹೋಯ್ತು." ಯೂನಿಫಾರ್ಮನ್ನು ಮತ್ತೆ ಮಡಚುತ್ತ ಹೇಳಿದಳು. "ಅಮ್ಮನ ಹತ್ರ ಬಿಪಿ ಹೇಳಿದೆ, ಶುಗರ್ ಹೇಳಿದೆ. ನಾನು ಉಂಟಲ್ಲ ಅಂತ ಹೇಳ್ಲಿಕ್ಕೆ ಆಗ್ಲಿಲ್ಲ. ಹೇಳಿದ್ರೆ ಸತ್ತ ಅಣ್ಣನ ಮೇಲೆ ಹೊಟ್ಟೆಕಿಚ್ಚು ಅಂತ ಆಗ್ತದಲ್ಲ."

ತೀರ್ಥರಾಮರು ಅದನ್ನು ಒಂದಕ್ಷರ ಬಿಡದೆ ಬರೆಸಿಕೊಂಡರು.

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ದಸ್ತಗಿರಿ. ಓಡಿ ಬಂದ ಭಾಗೀರಥಿ ಮೊದಲು ಕೇಳಿದ್ದು ಪಾಸ್‌ಪೋರ್ಟನ್ನೇ. ಜಪ್ತಿಯಾದದ್ದು ಕೋರ್ಟಿಗೆ ಹೋಗಬೇಕು, ಅರ್ಜಿ ಹಾಕಿ ಬಿಡಿಸಬೇಕು, ಸೋಮವಾರ ಕನಕ ಜಯಂತಿಯ ರಜೆ. ನಾಳೆಯ ವಿಮಾನಕ್ಕಂತೂ ಸಿಗುವುದಿಲ್ಲ ಎಂದು ತೀರ್ಥರಾಮರು ಬಿಡಿಸಿ ಹೇಳಿದರು. ಭಾಗೀರಥಿ ಬೆಂಚಿನ ಮೇಲೆ ಕುಸಿದರು. ಆಮೇಲೆ ತೀರ್ಥರಾಮರು ಮಗಳ ಹೇಳಿಕೆಯನ್ನು ಓದಿ ಹೇಳಿದರು. ಓದಲೇಬೇಕೆಂಬ ನಿಯಮವೇನೂ ಇರಲಿಲ್ಲ. ಕೂಸಪ್ಪ ಗೋಡೆ ನೋಡುತ್ತ ಕೂತರು. ಭಾಗೀರಥಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೊನೆಯವರೆಗೂ ಕೇಳಿದರು. ಪಾಸ್‌ಪೋರ್ಟಿನ ಮಾತು ಮತ್ತೆ ಎತ್ತಲಿಲ್ಲ.

ಕಬೀರ್ ದಸ್ತಗಿರಿಯ ಕಾಗದ ತುಂಬುತ್ತಿದ್ದ. ನಾಳೆ ಕೋರ್ಟಿನಲ್ಲಿ ಜಾಮೀನು ನಿಲ್ಲುವವರು ಯಾರಾದರೂ ಇದ್ದಾರಾ ಎಂದು ಯಶ್ಮಿತಾಳನ್ನು ಕೇಳಿದ. ಯಾರೂ ಇಲ್ಲ ಎಂದು ಅವಳು ತಲೆ ತಗ್ಗಿಸಿದಳು.

ಭಾಗೀರಥಿ ಬೆಂಚಿನಿಂದ ಎದ್ದು ಬಂದು ಮಗಳ ಪಕ್ಕ ನಿಂತರು.

"ಯಾರೂ ಇಲ್ಲ ಅಂದ್ರೆ ಎಂತ?" ಎಂದರು. "ನಾನು ಉಂಟಲ್ಲ."